ಹಿಂದಿನ ಸೀಟಿನ ಮಸಿ

ಅದು ಮಸಿಯೇ ಆಗಿತ್ತೋ, ಬರೀ ರಸ್ತೆಯ ಧೂಳೋ? ಧೂಳಾಗಿದ್ದರೆ ಒಂದು ಸಲ ಕೊಡವಿದರೆ ಹೋಗಬೇಕಿತ್ತು. ಕರವಸ್ತ್ರಕ್ಕೆ ಹಾಗೆ ಕಪ್ಪಗೆ ಮೆತ್ತಿಕೊಳ್ಳುತ್ತಿರಲಿಲ್ಲ. ಮಸಿಯೇ ಎಂದುಕೊಂಡರೂ, ಕಾರಿನೊಳಗೆ ಮಸಿ ಬರುವುದಕ್ಕೆ ನೂರು ದಾರಿ. ನೂರು ಎಂದುಕೊಂಡನೇ ಹೊರತು ಎರಡನೆಯ ದಾರಿ ಯಾವುದೆಂದು ಅವನಿಗೆ ಹೊಳೆಯಲಿಲ್ಲ.

ಮುದ್ರಣಾಲಯದ ಮೂಲೆಯ ಮೇಜಿನ ಮೇಲೆ ಶಾಲಾ ವಿಜ್ಞಾನ ಪುಸ್ತಕದ ಕರಡು ಹರಡಿಕೊಂಡಿತ್ತು. ಕರಡು ತಿದ್ದುವುದು ಅವನ ಕೆಲಸ. ದಹನದ ಪಾಠದಲ್ಲಿ ಬಿಟ್ಟುಹೋಗಿದ್ದ ಒಂದು ಅಲ್ಪವಿರಾಮ ಹಾಕಿ ಮುಂದೆ ಹೋದವನು, ಹಿಂದಕ್ಕೆ ಬಂದು ಆ ವಾಕ್ಯವನ್ನು ಮತ್ತೊಮ್ಮೆ ಓದಿದ. ಇಂಧನ ಸರಿಯಾಗಿ ಉರಿಯದಾಗ ಹುಟ್ಟುವ ಒಂದು ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ಅದನ್ನು ಉಸಿರಾಡಿದವರಿಗೆ ತಲೆನೋವು, ಓಕರಿಕೆ, ಗಲಿಬಿಲಿ. ಹೊರಗಿನ ಗಾಳಿಗೆ ಬಂದರೆ ನಿಧಾನಕ್ಕೆ ಇಳಿಯುತ್ತದೆ.

ಅವನ ಹೆಂಡತಿಗೆ ಎರಡು ತಿಂಗಳಿಂದ ತಲೆನೋವು.

ಕಾರು ಅಪ್ಪನದು. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ವೆಲ್ಡರ್ ಆಗಿದ್ದವರು ನಿವೃತ್ತಿಯಾದಾಗ ಕೊಂಡ ಹಳೇ ಕಾರು. ಅಂದಿನಿಂದ ಇಂದಿನವರೆಗೆ ಯಾವ ಮೆಕ್ಯಾನಿಕ್ಕೂ ಅದನ್ನು ಮುಟ್ಟಿರಲಿಲ್ಲ. ‘ಮನೇಲಿ ಕೈ ಇರೋವಾಗ ಗ್ಯಾರೇಜಿನ ಬಾಗಿಲು ಯಾಕೆ ಕಾಯಬೇಕು’ ಎನ್ನುವುದು ಅಪ್ಪನ ಮಾತು. ಹೋದ ವರ್ಷದಿಂದ ಆ ಕೈಯೇ ನಡುಗತೊಡಗಿತ್ತು. ಅಮ್ಮ ಚಹಾವನ್ನು ಅರ್ಧ ಲೋಟಕ್ಕಿಂತ ಹೆಚ್ಚು ಹಾಕಿ ಕೊಡುತ್ತಿರಲಿಲ್ಲ. ಯಾಕೆಂದು ಅಪ್ಪ ಕೇಳುತ್ತಲೂ ಇರಲಿಲ್ಲ.

ಹೀಗಿರುವಾಗ ಸೈಲೆನ್ಸರಿಗೂ ಅದರ ಮುಂದಿನ ಪೈಪಿಗೂ ನಡುವಿನ ಕೂಡುಜಾಗ ತುಕ್ಕು ತಿಂದು ತೂತಾಯಿತು. ಮಗ ಕೆಲಸಕ್ಕೆ ಹೋಗಿದ್ದಾಗ ಅಪ್ಪ ಒಬ್ಬರೇ ಕಾರಿನ ಕೆಳಗೆ ಮಲಗಿ, ಎಣ್ಣೆ ಡಬ್ಬದ ತಗಡು ಕತ್ತರಿಸಿ ಸುತ್ತಿ, ಎರಡು ಕ್ಲಾಂಪು ಬಿಗಿದು, ಮೇಲೆ ಪೇಸ್ಟು ಮೆತ್ತಿ, ಬೆಳಗ್ಗೆ ಹಿಡಿದ ಕೆಲಸವನ್ನು ಹೊತ್ತು ಮುಳುಗುವಷ್ಟರಲ್ಲಿ ಮುಗಿಸಿದ್ದರು. ಬೇರೆಯವರಿಗೆ ಅದು ಒಂದು ಗಂಟೆಯ ಕೆಲಸ. ಸಂಜೆ ಮನೆಮಂದಿಯನ್ನೆಲ್ಲ ಹೊರಗೆ ಕರೆದು, ಎಂಜಿನ್ ಚಾಲು ಮಾಡಿದರು.

“ಕೇಳಿಸ್ತಾ ಶಬ್ದ?”

“ಇಲ್ಲ ಮಾವ” ಎಂದಿದ್ದಳು ಸೊಸೆ.

“ಇನ್ನು ಹತ್ತು ವರ್ಷ ಇದನ್ನ ಯಾರೂ ಮುಟ್ಟಬೇಕಾಗಿಲ್ಲ.”

ಮೂರು ವಾರ ಕಳೆದ ಮೇಲೆ, ಕಳೆದುಹೋದ ಕೆಂಪು ಪೆನ್ನು ಹುಡುಕುತ್ತ ಅವನು ಹಿಂದಿನ ಸೀಟಿನ ಮುಂದಿನ ಚಾಪೆ ಎತ್ತಿದ್ದ. ಕೆಳಗಿನ ತಗಡಿನಲ್ಲಿ ಹೆಬ್ಬೆಟ್ಟು ತೂರುವಷ್ಟು ಒಂದು ರಂಧ್ರ. ಅದನ್ನು ಮುಚ್ಚಿದ್ದ ರಬ್ಬರ್ ಬಿರಡೆ ಒಣಗಿ ಎಲ್ಲೋ ಉದುರಿತ್ತು. ರಂಧ್ರದ ಸುತ್ತ ಕಪ್ಪು. ಅವನು ಕರವಸ್ತ್ರದಿಂದ ಒರೆಸಿ, ಚಾಪೆ ಸರಿ ಮಾಡಿ, ಅಪ್ಪನಿಗೆ ಹೇಳಬೇಕೆಂದು ಒಳಗೆ ಬಂದ. ಊಟಕ್ಕೆ ಕೂತಿದ್ದ ಅಪ್ಪನ ಕೈಯಿಂದ ಚಮಚ ಎರಡು ಸಲ ಕೆಳಗೆ ಬಿತ್ತು. ನಾಳೆ ಹೇಳೋಣ ಎಂದುಕೊಂಡ. ನಾಳೆ ಇನ್ನೇನೋ ಅಡ್ಡ ಬಂತು. ಹೇಳಿದರೆ ಕಾರಿನ ಕೆಳಗೆ ಬೆನ್ನು ಊರಬೇಕಾದವನು ತಾನೇ ಎನ್ನುವುದೂ ಒಂದು ಕಾರಣವಾಗಿತ್ತು. ಅದನ್ನು ಮಾತ್ರ ಅವನು ತನ್ನೊಳಗೂ ಬಿಡಿಸಿ ಹೇಳಿಕೊಳ್ಳಲಿಲ್ಲ.

ಆ ಚಾಪೆಯನ್ನು ಇನ್ನೊಮ್ಮೆ ಎತ್ತಿ ನೋಡುವುದು ಒಂದು ನಿಮಿಷದ ಕೆಲಸ. ಎರಡು ತಿಂಗಳಾದರೂ ಆ ಒಂದು ನಿಮಿಷ ಅವನಿಗೆ ಸಿಕ್ಕಿರಲಿಲ್ಲ.

ಹೆಂಡತಿ ಊರಿನ ಆ ತುದಿಯಲ್ಲಿದ್ದ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನವಳು. ಹೊಲಿಯುವವರು ನಲವತ್ತು ಜನ, ಕತ್ತರಿಸುವವರು ಇಬ್ಬರೇ. ಕುತ್ತಿಗೆ ನೋವಿಗೆ ಅಮ್ಮ ದಿನಾ ಬೆಳಗ್ಗೆ ಹೋಗುತ್ತಿದ್ದ ಫಿಸಿಯೋಥೆರಪಿ ಆಸ್ಪತ್ರೆಯೂ ಅದೇ ದಾರಿಯಲ್ಲಿತ್ತು. ಹಾಗಾಗಿ ಅಪ್ಪ ಇಬ್ಬರನ್ನೂ ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ಹಿಂದೆ ಕೂತರೆ ವಾಂತಿ ಬರುತ್ತದೆಂದು ಅಮ್ಮ ಮುಂದೆ, ಸೊಸೆ ಹಿಂದೆ. ಅಮ್ಮನ ಕುತ್ತಿಗೆಗೆ ಹಿಂದಿನಿಂದ ಗಾಳಿ ಬಡಿಯಬಾರದೆಂದು ಹಿಂದಿನ ಕಿಟಕಿಗಳು ಮುಚ್ಚಿರುತ್ತಿದ್ದವು; ಅಪ್ಪನ ಪಕ್ಕದ ಕಿಟಕಿ ಮಾತ್ರ ತೆರೆದಿರುತ್ತಿತ್ತು. ವಾಹನಗಳ ಸಾಲಿನಲ್ಲಿ ನಿಂತು ನಿಂತು ಹೋಗುವಾಗ ಒಂದು ಗಂಟೆಯ ದಾರಿ.

ಮೊದಲು ತಲೆನೋವು, ಆಮೇಲೆ ಹೊಟ್ಟೆ ತೊಳಸುವುದು. ಅಮ್ಮ ಒಂದು ದಿನ ಹುರುಳಿಕಾಯಿ ಮುರಿಯುತ್ತ ದನಿ ತಗ್ಗಿಸಿ ಕೇಳಿದ್ದಳು: “ಏನಾದ್ರೂ ವಿಶೇಷವೇನಮ್ಮ?”

“ಇಲ್ಲ ಅತ್ತೆ.”

“ಒಂದು ಸಲ ತೋರಿಸ್ಕೊಂಡು ಬಾ.”

“ಇಲ್ಲ ಅಂದೆನಲ್ಲ ಅತ್ತೆ.”

ವಿಶೇಷವೇನೂ ಇಲ್ಲವೆಂದು ಖಚಿತವಾದ ಮೇಲೆ ಅಮ್ಮನ ಮರುಕವೂ ಮುಗಿಯಿತು. ತಲೆನೋವಿಗೆಂದು ಕಣ್ಣಿನ ಡಾಕ್ಟರರು ಕೊಟ್ಟ ಕನ್ನಡಕ ಹಾಕಿಕೊಂಡು ಸೊಸೆ ಸಂಜೆ ಮನೆಗೆ ಬಂದು ಸೋಫಾಕ್ಕೆ ಒರಗಿದರೆ, ಅಡುಗೆಮನೆಯಲ್ಲಿ ಪಾತ್ರೆಗಳು ಬೇಕೆಂದೇ ಸದ್ದು ಮಾಡುತ್ತಿದ್ದವು.

“ಭಾನುವಾರ ಮಾತ್ರ ಇವಳ ತಲೆ ಹೂವಿನ ಹಾಗಿರುತ್ತೆ ನೋಡು. ಕ್ಯಾಲೆಂಡರ್ ನೋಡಿ ಬರೋ ತಲೆನೋವು ನಾನಂತೂ ಕಂಡಿರಲಿಲ್ಲ.”

“ಭಾನುವಾರ ಪಾತ್ರೆ ಯಾರು ತೊಳೀತಾರೆ ಅತ್ತೆ?”

“ತೊಳೀತೀಯಮ್ಮ, ತಲೆನೋವಿಲ್ವಲ್ಲ, ತೊಳೀತೀಯ.”

ಮಗ ತಟ್ಟೆ ನೋಡುತ್ತ ಕೂತಿರುತ್ತಿದ್ದ. ಅಪ್ಪ, “ಊಟದ ಹೊತ್ತಲ್ಲಿ ಕೋರ್ಟು ಬೇಡ” ಎನ್ನುತ್ತಿದ್ದರು. ಅಲ್ಲಿಗೆ ಅಂದಿನ ಮಟ್ಟಿಗೆ ಮುಗಿಯುತ್ತಿತ್ತು.

ಆ ವಾರ ಅಪ್ಪನಿಗೆ ಜ್ವರ. ಕಾರು ಅಂಗಳದಲ್ಲೇ ನಿಂತಿತು. ಅಮ್ಮ ಆಸ್ಪತ್ರೆಗೆ ಹೋಗಲಿಲ್ಲ. ಹೆಂಡತಿ ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋದಳು. ಐದು ದಿನವೂ ತಲೆನೋವಿಲ್ಲ. ಗುರುವಾರ ಸಂಜೆ ಅವಳು ಈರುಳ್ಳಿ ಹೆಚ್ಚುತ್ತ ತನ್ನಷ್ಟಕ್ಕೆ ಗುನುಗುತ್ತಿದ್ದುದನ್ನು ಕೇಳಿ ಅವನು ಬಾಗಿಲಲ್ಲೇ ನಿಂತುಬಿಟ್ಟಿದ್ದ. ಅಮ್ಮನಿಗೂ ಕೇಳಿಸಿತ್ತು. ಶುಕ್ರವಾರ ಊಟಕ್ಕೆ ಕೂತಾಗ ಮಾತು ಬಂತು.

“ಬಸ್ಸಲ್ಲಿ ನೂಕುನುಗ್ಗಲಲ್ಲಿ ನಿಂತು ಹೋದ್ರೆ ಏನೂ ಇಲ್ಲ. ನಮ್ಮ ಜೊತೆ ಕಾರಲ್ಲಿ ಕಾಲು ಚಾಚಿ ಕೂತ್ರೆ ತಲೆನೋವು. ನೋವು ತಲೆಯದ್ದಲ್ಲ, ನಮ್ಮದು.”

ಹೆಂಡತಿ ಚಮಚ ಕೆಳಗಿಟ್ಟಳು. “ಹಾಗಂತ ನಾನು ಅಂದ್ನಾ ಅತ್ತೆ?”

“ಬಾಯಲ್ಲಿ ಅನ್ನಬೇಕಾ?”

“ಸರಿ. ಸೋಮವಾರ ಕಾರಲ್ಲೇ ಬರ್ತೀನಿ. ತಲೆ ಸಿಡಿದರೂ ಬಾಯಿ ಬಿಡಲ್ಲ.”

ಆ ಮಾತಿನ ಮರುದಿನವೇ ಅವನ ಮೇಜಿನ ಮೇಲೆ ದಹನದ ಪಾಠ ಬಂದು ಕೂತಿದ್ದು.

ಭಾನುವಾರ ಸಂಜೆ, ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಾಗ ಅವನು ಹೇಳಿದ: “ನಾಳೆಯೂ ಬಸ್ಸಲ್ಲೇ ಹೋಗು.”

“ಯಾಕೆ?”

“ಸುಮ್ಮನೆ. ಇನ್ನೊಂದು ವಾರ.”

“ಅತ್ತೆ ಅಂದಿದ್ದು ಕೇಳಿಸ್ಕೊಂಡ್ರಿ ತಾನೆ? ನಾಳೆ ಬಸ್ ಹತ್ತಿದ್ರೆ ಅವರು ಹೇಳಿದ್ದೇ ನಿಜ ಅಂತಾಗುತ್ತೆ. ಕಾರಣ ಏನು ಹೇಳಿ, ಹೋಗ್ತೀನಿ.”

“ಕಾರಣ ಅಂತಲ್ಲ...”

“ರೀ, ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಇದ್ರೆ ಹೇಳಿ, ಇಲ್ಲಾಂದ್ರೆ ಆ ದಿಂಬಿನ ಹೊದಿಕೆ ಕೊಡಿ ಈ ಕಡೆ.”

ಪಕ್ಕದ ಕೋಣೆಯಲ್ಲಿ ಅಪ್ಪ ಜ್ವರ ಬಿಟ್ಟ ಖುಷಿಯಲ್ಲಿ ರೇಡಿಯೋದವನ ಜೊತೆ ಜಗಳವಾಡುತ್ತಿದ್ದರು. ಅವನು ದಿಂಬಿನ ಹೊದಿಕೆ ಕೊಟ್ಟ. “ಕಿಟಕಿ ಸ್ವಲ್ಪ ತೆಗೆದಿಟ್ಕೋ” ಎಂದ.

“ನಿಮ್ಮಮ್ಮನ ಕುತ್ತಿಗೆ?” ಎಂದಳು ಅವಳು.

ಸೋಮವಾರ ಅವಳು ಕಾರಿನಲ್ಲಿ ಹೋದಳು, ಕಿಟಕಿ ಮುಚ್ಚಿಕೊಂಡು.

ಅಂದು ಕಾರ್ಖಾನೆಯಲ್ಲಿ ಆಸ್ಪತ್ರೆಯ ಸಮವಸ್ತ್ರದ ತೋಳು ಕತ್ತರಿಸಬೇಕಿತ್ತು. ಬಟ್ಟೆಯನ್ನು ಎಂಬತ್ತು ಪದರ ಹಾಸಿ, ಮೇಲೆ ರಟ್ಟಿನ ನಮೂನೆ ಇಟ್ಟು ಗೆರೆ ಎಳೆದು, ಯಂತ್ರದಿಂದ ಒಮ್ಮೆಲೇ ಕತ್ತರಿಸುವುದು. ಒಂದು ತೋಳಿಗೆ ಗೆರೆ ಎಳೆದ ಮೇಲೆ ನಮೂನೆಯನ್ನು ಮಗುಚಿ ಇನ್ನೊಂದಕ್ಕೆ ಎಳೆಯಬೇಕು. ಆಗ ಎಡ ಬಲ ಎರಡೂ ಬರುತ್ತವೆ. ಅವಳು ಮಗುಚಲಿಲ್ಲ. ಹನ್ನೊಂದು ವರ್ಷ ದಿನಾಲೂ ಮಾಡಿದ ಕೆಲಸ. ಹೊಲಿಯುವವರ ಕೈಗೆ ಹೋದ ಮೇಲೆ ಗೊತ್ತಾಯಿತು, ಅಷ್ಟೂ ತೋಳು ಎಡಗೈಯವೇ ಎಂದು.

“ಎರಡೂ ಎಡಗೈ ಇರೋ ನರ್ಸುಗಳನ್ನ ನೀನೇ ಹುಡುಕಿ ತರ್ತೀಯಾ ಅಂತ ಕೇಳಿದಳು ಮೇಲ್ವಿಚಾರಕಿ. ಎಲ್ಲರೂ ನಕ್ಕರು. ನಾನೂ ನಕ್ಕೆ” ಎಂದಳು ಮನೆಗೆ ಬಂದು. “ನಾಳೆಯಿಂದ ಗುಂಡಿ ಹೊಲಿಯೋ ಕಡೆ. ಬೆಳಗ್ಗೆ ಬೇಗ ಹೋಗ್ಬೇಕು, ಬಸ್ಸಲ್ಲೇ ಹೋಗ್ತೀನಿ.”

ಅಂದು ಅಮ್ಮ ಪಾತ್ರೆ ತಾನೇ ತೊಳೆದಳು. ಹೆಂಡತಿ ಮಂಚದ ತುದಿಯಲ್ಲಿ ಕನ್ನಡಕವನ್ನು ತೆಗೆಯುತ್ತ ಹಾಕುತ್ತ ಕೂತಿದ್ದಳು.

“ನಮ್ಮಜ್ಜಿಗೆ ಕೊನೆಗೆ ಹೀಗೇ ಆಗಿತ್ತು. ಒಲೆ ಹಚ್ಚಿ ಮರೀತಿದ್ರು. ಆದ್ರೆ ಅವರಿಗೆ ಎಂಬತ್ತಾಗಿತ್ತು ರೀ. ನಂಗೆ ಮೂವತ್ತಾರು.”

“ಅದೆಲ್ಲ ಏನಿಲ್ಲ.”

“ನಿಮಗೆ ಹೇಗೆ ಗೊತ್ತು?”

ಅವನು ನೀರು ಕುಡಿಯಲು ಎದ್ದುಹೋದ.

ಮರುದಿನ ಬೆಳಗ್ಗೆ ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತ. “ಅಪ್ಪ, ಹೊಗೆ ತಪಾಸಣೆಯ ಗಡುವು ಹತ್ತಿರ ಬಂತು. ಸೈಲೆನ್ಸರು, ಮುಂದಿನ ಪೈಪು ಎರಡೂ ಹೊಸದು ಹಾಕಿಬಿಡೋಣ.”

“ನನ್ನ ತೇಪೆಗೆ ಏನಾಗಿದೆ?”

“ತೇಪೆ ಚೆನ್ನಾಗಿದೆ. ತಪಾಸಣೆಯವರು ತೇಪೆ ಒಪ್ಪಲ್ವಂತೆ.”

“ಯಾವನವನು ಒಪ್ಪದವನು?” ಅಪ್ಪ ಮಗನ ಮುಖ ನೋಡಿದರು. ಆಮೇಲೆ ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, “ಸರಿ. ಭಾನುವಾರ. ಪಂಡಿತರು ಕೆಳಗೆ ಮಲಗ್ತಾರೆ, ನಾನು ಸ್ಟೂಲಿನ ಮೇಲೆ ಕೂತು ಬಯ್ತೀನಿ” ಎಂದರು. ಮಗ ಪದವಿ ಓದಿದಂದಿನಿಂದ ಅವನನ್ನು ಅಪ್ಪ ಕರೆಯುವುದೇ ಪಂಡಿತರು ಎಂದು.

ಶನಿವಾರ ಸಂಜೆ, ತುಕ್ಕು ಹಿಡಿದ ಬೋಲ್ಟುಗಳು ನೆನೆಯಲಿ ಎಂದು ಎಣ್ಣೆ ಬಿಡಲು ಹೋದವನು, ಹಿಂದಿನ ಬಾಗಿಲು ತೆಗೆದು ಆ ಚಾಪೆ ಎತ್ತಿದ. ಈಗ ಧೂಳೋ ಮಸಿಯೋ ಎಂಬ ಪ್ರಶ್ನೆಯೇ ಇರಲಿಲ್ಲ. ರಂಧ್ರದಿಂದ ಸೀಟಿನ ಬುಡದವರೆಗೆ ಬೀಸಣಿಗೆ ಬಿಚ್ಚಿದ ಹಾಗೆ ಹರಡಿಕೊಂಡಿತ್ತು. ಅವನು ಒದ್ದೆ ಬಟ್ಟೆ ತಂದು ಒರೆಸಿದ. ಅಪ್ಪ ನೋಡಿದರೆ ಕುಸಿಯುತ್ತಾರೆ ಎಂದು ಒರೆಸುತ್ತಿದ್ದೇನೆ ಅಂದುಕೊಂಡ. ಸಂದಿಗಳಲ್ಲಿ ಕೂತದ್ದು ಹೋಗಲಿಲ್ಲ. ಬಟ್ಟೆ ಎಳೆದ ಗುರುತು ಉಳಿಯಿತು. ಅಮ್ಮ ಚಹಾಕ್ಕೆ ಕರೆದಳು. ಚಾಪೆ ಹಾಸಿ ಹೋದ.

ಭಾನುವಾರ ಬೆಳಗ್ಗೆ ಅಪ್ಪ ಮಾಡಿಟ್ಟಿದ್ದ ಮರದ ಇಳಿಜಾರುಗಳ ಮೇಲೆ ಕಾರಿನ ಹಿಂದಿನ ಚಕ್ರಗಳನ್ನು ಹತ್ತಿಸಿ, ಮುಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟರು. ಅವನು ಹಳೆಯ ರಟ್ಟು ಹಾಸಿಕೊಂಡು ಕೆಳಗೆ ಸರಿದ.

“ಕಣ್ಣಿಗೆ ಕನ್ನಡಕ ಹಾಕ್ಕೊಂಡ್ಯಾ? ತುಕ್ಕು ಉದುರುತ್ತೆ.”

“ಹಾಕ್ಕೊಂಡೆ.”

“ಯಾರದು?”

“ಅವಳದು. ಹೇಗೂ ಪ್ರಯೋಜನ ಇಲ್ಲ ಅಂತ ಕೊಟ್ಟಳು.”

ಅಡುಗೆಮನೆಯ ಕಿಟಕಿಯಿಂದ ಹೆಂಡತಿ ನಕ್ಕದ್ದು ಕೇಳಿಸಿತು. ವಾರವಿಡೀ ಬಸ್ಸಿನಲ್ಲಿ ಹೋಗಿ ಅವಳ ಮುಖಕ್ಕೆ ಕಳೆ ಮರಳಿತ್ತು.

ಮೂರು ಬೋಲ್ಟುಗಳಲ್ಲಿ ಒಂದು ತಿರುಗಿತು, ಒಂದರ ತಲೆ ಮುರಿಯಿತು, ಒಂದನ್ನು ಗರಗಸದಿಂದ ಕೊಯ್ಯಬೇಕಾಯಿತು. ಸೈಲೆನ್ಸರು ತೂಗಿಕೊಂಡಿದ್ದ ರಬ್ಬರ್ ಉಂಗುರಗಳಿಗೆ ಸೋಪಿನ ನೀರು ಹಚ್ಚಿ ಜಾರಿಸಿದ. ಹಳೆಯ ಪೈಪು ಕೆಳಗೆ ಬಂತು. ಅದನ್ನು ಹೊರಗೆ ತಳ್ಳಿದ.

ಬಹಳ ಹೊತ್ತು ಅಪ್ಪನ ಬೈಗುಳ ಕೇಳಿಸಲಿಲ್ಲ. ಅವನು ಹೊರಗೆ ಸರಿದು ನೋಡಿದ. ಪೈಪನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪ ತಮ್ಮ ತೇಪೆಯ ಮೇಲೆ ಬೆರಳಾಡಿಸುತ್ತಿದ್ದರು. ಮೇಲ್ಭಾಗದ ತಗಡು ಬಾಯಿ ಬಿಟ್ಟಿತ್ತು. ಸುತ್ತ ಕಪ್ಪೋ ಕಪ್ಪು.

“ಕ್ಲಾಂಪು ಪೂರ್ತಿ ಬಿಗಿಯಾಗಿಲ್ಲ. ಕೈ ಸಾಲಲಿಲ್ಲ ನಂಗೆ” ಎಂದರು. ಆಮೇಲೆ ಎದ್ದು, ಕಾರಿನ ಹಿಂದಿನ ಬಾಗಿಲು ತೆಗೆದು, ಯಾರೂ ಹೇಳದೆ, ಸೀದಾ ಆ ಚಾಪೆಯನ್ನೇ ಎತ್ತಿದರು. ಬಗ್ಗಿ ಸಂದಿಯಲ್ಲಿ ಉಗುರು ಹಾಕಿ ಕೆರೆದು ನೋಡಿಕೊಂಡರು.

“ಇದು ನಿನ್ನೆ ಮೊನ್ನೆಯದಲ್ಲ. ಇಲ್ಲಿ ಯಾರೋ ಒರೆಸಿದ ಹಾಗಿದೆ.”

ಅವನು ಸ್ಪ್ಯಾನರು ಹುಡುಕಿದ. ಸ್ಪ್ಯಾನರು ಕೈಯಲ್ಲೇ ಇತ್ತು.

“ಅಮ್ಮ ಒರೆಸಿರಬೇಕು. ಕಾರು ತೊಳೆಯುವಾಗ.”

ಅಪ್ಪ ತಲೆಯಾಡಿಸಿದರು. “ಡಿಪೋದಲ್ಲಿ ಒಂದು ಚಳಿಗಾಲ ಷೆಡ್ಡಿನ ಬಾಗಿಲು ಹಾಕ್ಕೊಂಡು ಎಂಜಿನ್ ಓಡಿಸ್ತಾ ಒಬ್ಬ ಬಿದ್ದುಬಿಟ್ಟಿದ್ದ. ನಾನೇ ಎಳೆದು ಹೊರಗೆ ಹಾಕಿದ್ದೆ. ಎರಡು ದಿನ ತಲೆನೋವು ಅಂತ ಒದ್ದಾಡಿದ. ಗೊತ್ತಿಲ್ಲದೆ ಆಗಿದ್ದಲ್ಲ ಕಣೋ ಇದು. ಗೊತ್ತಿದ್ದವನು ನಾನು.”

“ಅಪ್ಪ, ಯಾರಿಗೆ ಹೊಳೆಯುತ್ತೆ...”

“ಹೋಗು. ಕೈ ಹಚ್ಚಿದ್ದು ಮುಗಿಸು. ಮೊದಲು ಎಲ್ಲ ಸಡಿಲವಾಗಿ ತೂಗುಹಾಕು. ಆಮೇಲೆ ಎಂಜಿನ್ ಕಡೆಯಿಂದ ಒಂದೊಂದೇ ಬಿಗೀತಾ ಬಾ. ಹಿಂದಿನಿಂದ ಶುರು ಮಾಡ್ಬೇಡ, ಸೊಟ್ಟ ಆಗುತ್ತೆ.”

ಮುಂದಿನ ಎರಡು ಗಂಟೆಯಲ್ಲಿ ಅಪ್ಪ ಒಂದು ಸಲವೂ ಬಯ್ಯಲಿಲ್ಲ. ಜೋಡಣೆಯ ನಡುವಿಗೆ ಹೊಸ ಗ್ಯಾಸ್ಕೆಟ್ಟು, ಹೊಸ ಬೋಲ್ಟು, ಹೊಸ ಉಂಗುರ, ಕೊನೆಗೆ ನೆಲದ ರಂಧ್ರಕ್ಕೆ ಹೊಸ ಬಿರಡೆ. ಎಂಜಿನ್ ಚಾಲು ಮಾಡಿ ಒಂದೊಂದು ಜೋಡಣೆಗೂ ಸೋಪಿನ ನೊರೆ ಹಚ್ಚಿ ನೋಡಿದ. ಎಲ್ಲೂ ಗುಳ್ಳೆ ಏಳಲಿಲ್ಲ. ಎಲ್ಲಾದರೂ ಗಾಳಿ ಸೋರುತ್ತಿದೆಯೇ ಎಂದು ಅಪ್ಪ ಒದ್ದೆ ಅಂಗೈಯನ್ನು ಜೋಡಣೆಯ ಹತ್ತಿರ ಹಿಡಿದರು. ಕೈ ನಡುಗುತ್ತಿತ್ತು. “ನಂಗೆ ಗೊತ್ತಾಗ್ತಿಲ್ಲ. ನೀನೇ ಹಿಡಿದು ನೋಡು” ಎಂದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಅನ್ನ ಮುಟ್ಟುವ ಮೊದಲೇ ಸೊಸೆಯ ಕಡೆ ತಿರುಗಿದರು.

“ತಪ್ಪು ನಂದು ಕಣಮ್ಮ. ನಿನ್ನ ತಲೆ ಸರಿಯಾಗೇ ಇದೆ. ನನ್ನ ತೇಪೆ ಬಿಟ್ಕೊಂಡು ಹೊಗೆಯ ಗಾಳಿ ಸೀದಾ ನಿನ್ನ ಕಾಲ ಕೆಳಗೇ ಬರ್ತಿತ್ತು.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೇಳಿದ್ದು ಒಂದೇ: “ಹಾಗಾದ್ರೆ ಅದು ನಮ್ಮಜ್ಜಿಯ ಕಾಯಿಲೆ ಅಲ್ವಾ ಮಾವ?”

“ಅಲ್ಲಮ್ಮ. ಆದ್ರೂ ಒಂದು ಸಲ ಡಾಕ್ಟ್ರಿಗೆ ಹೇಳು.”

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅಪ್ಪ ಅಮ್ಮನ ಕಡೆ ನೋಡಿದರು. “ನೀನು ಒರೆಸುವಾಗ ಕಪ್ಪು ಕಾಣಲಿಲ್ವೇನೇ? ನಂಗೊಂದು ಮಾತು ಹೇಳಬಾರದಿತ್ತಾ?”

“ಎಲ್ಲಿ?”

“ಹಿಂದಿನ ಸೀಟಿನ ಕೆಳಗೆ. ಒರೆಸಿದ್ದೀಯಲ್ಲ.”

ಅಮ್ಮ ಮಗನತ್ತ ನೋಡಿದಳು. ಅವನು ನೀರಿನ ಲೋಟಕ್ಕೆ ಕೈ ಚಾಚಿದ. ಅಮ್ಮ ಎಲ್ಲವನ್ನೂ ಒರೆಸುವವಳು. ಒಲೆ, ಸ್ವಿಚ್ಚು, ನೆರೆಮನೆಯ ಗೇಟನ್ನೂ ಒಮ್ಮೆ ಒರೆಸಿದವಳು. ಯೋಚಿಸಿದಳು. “ಒರೆಸಿರಬೇಕು. ಕೊಳೆ ಕಂಡ್ರೆ ನನ್ನ ಕೈ ಸುಮ್ಮನಿರಲ್ಲ. ಏನು ಅಂತ ನೋಡಿರಲ್ಲ.” ಆಮೇಲೆ ಸೊಸೆಯ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿ ಹೇಳಿದಳು: “ಅದನ್ನ ಒರೆಸಿದವಳೂ ನಾನು, ನಿನ್ನ ಹಂಗಿಸಿದವಳೂ ನಾನು.”

ಅವನು ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿಕೊಂಡ.

ಡಾಕ್ಟರರ ಚೀಟಿಯನ್ನೂ ಮಾವನ ಕೈಯಲ್ಲಿ ಬರೆಸಿದ ಒಂದು ಕಾಗದವನ್ನೂ ಒಯ್ದು ಹೆಂಡತಿ ಮೇಲ್ವಿಚಾರಕಿಗೆ ತೋರಿಸಿದಳು. ಮೂರು ವಾರ ಗುಂಡಿ ಹೊಲಿದ ಮೇಲೆ, ಮೇಜಿನ ಅರ್ಧ ಕೆಲಸ ಪರೀಕ್ಷೆಗೆಂದು ಸಿಕ್ಕಿತು; ಐದನೆಯ ವಾರಕ್ಕೆ ಪೂರ್ತಿ ಮೇಜು. ಈಗ ಅವಳು ಕಾರಿನಲ್ಲಿ ಮುಂದೆ ಕೂರುತ್ತಾಳೆ. ಅಮ್ಮ ಹಟ ಹಿಡಿದು ಹಿಂದೆ ಕೂತು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು, ಕಣ್ಣು ಮುಚ್ಚಿಕೊಂಡು ದಾರಿ ಸವೆಸುತ್ತಾಳೆ. “ಅತ್ತೆ, ಮುಂದೆ ಬನ್ನಿ” ಎಂದರೆ, “ಇರಲಿ ಬಿಡಮ್ಮ, ಇಷ್ಟು ದಿನ ನೀನು ಕೂತಿರಲಿಲ್ವಾ” ಎನ್ನುತ್ತಾಳೆ.

ಅಪ್ಪ ಸ್ಪ್ಯಾನರುಗಳ ಪೆಟ್ಟಿಗೆಯನ್ನು ಬೀದಿಯ ತುದಿಯ ಗ್ಯಾರೇಜಿನವನಿಗೆ ಕೊಟ್ಟುಬಿಟ್ಟರು. ಎಂಜಿನ್ ಎಣ್ಣೆ ಬದಲಿಸುವ ದಿನ ಅಲ್ಲಿಗೆ ಹೋಗಿ, ಬೇರೆ ಗಿರಾಕಿಗಳ ಜೊತೆ ಬೆಂಚಿನ ಮೇಲೆ ಕೂತಿದ್ದುದನ್ನು ಮಗ ಕೆಲಸದಿಂದ ಬರುವಾಗ ಕಂಡ. ಪಕ್ಕದಲ್ಲಿ ಹೋಗಿ ಕೂತ.

“ಅಪ್ಪ, ಇಷ್ಟಕ್ಕೆಲ್ಲ ಇಲ್ಲಿಗೆ ಯಾಕೆ ಬಂದಿರಿ? ನಾನು ಮಾಡ್ತಿದ್ದೆ.”

“ನೀನು ಮಾಡ್ತೀಯ. ನೋಡೋ ಕಣ್ಣು ನಂದಾಗಬೇಕಲ್ಲ. ನನ್ನ ಕಣ್ಣಿನ ಮೇಲೆ ನಂಗೇ ನಂಬಿಕೆ ಹೋಗಿದೆ.”

ಒಳಗೆ ಯಾರೋ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು. ಅಪ್ಪನ ಸರದಿ ಬರುವವರೆಗೆ ಮಗ ಅಲ್ಲೇ ಕೂತಿದ್ದ.

ಅದೇ ವಾರ ಒಂದು ಸಂಜೆ ಹೆಂಡತಿ, ಅವನ ಅಂಗಿಗೆ ಗುಂಡಿ ಹಾಕುತ್ತ, ಏನೋ ನೆನಪಾದವಳಂತೆ ಕೇಳಿದಳು: “ರೀ, ಅವತ್ತು ಬಸ್ಸಲ್ಲೇ ಹೋಗು ಅಂದ್ರಲ್ಲ. ತೋಳು ಕೆಟ್ಟ ಹಿಂದಿನ ದಿನ. ಯಾಕೆ ಹಾಗಂದ್ರಿ?”

ಅವನು ಕೈಯಲ್ಲಿದ್ದ ಕರಡಿನ ಹಾಳೆಯನ್ನು ಇನ್ನೊಂದರ ಮೇಲಿಟ್ಟ. “ಹೀಗೇ. ನಿಂಗೆ ಒಂದಿಷ್ಟು ಗಾಳಿ ಸಿಗಲಿ ಅಂತ.”

ಅವಳು ಹಲ್ಲಿನಿಂದ ದಾರ ಕಡಿದಳು. “ನೋಡಿ, ನಿಮ್ಮ ಮನಸ್ಸಿಗೆ ಹೇಗೋ ಹೊಳೆದಿತ್ತು. ನಾನೇ ಹಟ ಮಾಡಿದೆ. ಅತ್ತೆ ಮೇಲಿನ ಸಿಟ್ಟಿಗೆ ಎಂಬತ್ತು ಪದರ ಬಟ್ಟೆ ಹಾಳು ಮಾಡಿದೆ.” ಅಂಗಿಯನ್ನು ಕೊಡವಿ ಅವನ ಕೈಗೆ ಕೊಟ್ಟಳು. “ಹಾಕ್ಕೊಳ್ಳಿ. ಸರಿ ಕೂರುತ್ತಾ ನೋಡೋಣ.”

ಅವನು ಹಾಕಿಕೊಂಡ. ಸರಿಯಾಗಿ ಕೂತಿದೆ ಎಂದ.

ಎರಡು ಸಲವೂ ಒರೆಸಿದ್ದು ತಾನು ಎಂದು ಅವನು ಅಂದು ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.